ಆಪತ್ತಿಗೊಂದು ರಜೆ

ಡಬ್ಬಿಯಲ್ಲಿ ಎಷ್ಟು ತೊಗರಿಬೇಳೆ ಉಳಿದಿದೆ, ಗ್ಯಾಸ್ ಸಿಲಿಂಡರು ಇನ್ನೆಷ್ಟು ದಿನ ಬರುತ್ತದೆ, ಹಾಲಿನವನಿಗೆ ಎಷ್ಟು ಬಾಕಿ ಎಂದು ಕೇಳಿದರೆ ನಾವು ಗೃಹಿಣಿಯರು ನಿದ್ದೆಗಣ್ಣಿನಲ್ಲೂ ಹೇಳಿಬಿಡುತ್ತೇವೆ. ಆದರೆ "ನಿಮ್ಮ ಯಜಮಾನರಿಗೆ ಈ ವರ್ಷ ಇನ್ನೆಷ್ಟು ದಿನ ರಜೆ ಉಳಿದಿದೆ?" ಎಂದು ಯಾರಾದರೂ ಕೇಳಲಿ ನೋಡೋಣ. "ಅಯ್ಯೋ, ಅದೆಲ್ಲಾ ಅವರ ಕೆಲಸದ ವಿಚಾರ ಕಣ್ರೀ, ನಮಗೇನು ಗೊತ್ತು" ಎನ್ನುತ್ತೇವೆ. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಹಾಗೇ ಹೇಳುತ್ತಿದ್ದೆ. ನಮ್ಮ ಅತ್ತೆಯವರು ಬಿದ್ದ ಆ ರಾತ್ರಿ ನನಗೆ ಬುದ್ಧಿ ಕಲಿಸಿತು.

ನಮ್ಮವರು ಹಾಸನದ ಒಂದು ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅತ್ತೆಯವರು ಆಗ ಬೇಲೂರಿನ ಕಡೆ, ಮೈದುನನ ಮನೆಯಲ್ಲಿದ್ದರು. ರಾತ್ರಿ ಹನ್ನೊಂದು ಗಂಟೆಗೆ ಫೋನು ಬಂತು. "ಅತ್ತಿಗೆ, ಅಮ್ಮಂಗೆ ಲಕ್ವ ಹೊಡೆದಂಗಿದೆ, ಬಾಯಿ ಸೊಟ್ಟಗಾಗಿದೆ, ಮಾತೇ ಬರ್ತಿಲ್ಲ" ಎಂದ ಮೈದುನ. ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕರೆತಂದರು. ಅಲ್ಲಿಂದ ಬೆಳಗಿನ ಜಾವ ಮೈಸೂರಿಗೆ. ನಮ್ಮವರು ಉಟ್ಟ ಬಟ್ಟೆಯಲ್ಲೇ ಜೊತೆಗೆ ಹೋದರು. ಒಂಬತ್ತು ದಿನ ಆಸ್ಪತ್ರೆಯ ವರಾಂಡವೇ ಅವರ ಮನೆ.

ಮೊದಲ ದಿನ ಸಾಹುಕಾರರಿಗೆ ಎರಡು ಸಲ ಫೋನು ಮಾಡಿದರಂತೆ, ಅವರು ಎತ್ತಲಿಲ್ಲ. ಜೊತೆ ಕೆಲಸದವರೊಬ್ಬರಿಗೆ "ಹೇಳಿಬಿಡಪ್ಪಾ" ಎಂದರು. ಆತ ಹೇಳಿದನೋ, ಮರೆತನೋ, ದೇವರಿಗೇ ಗೊತ್ತು. ತಿಂಗಳ ಕೊನೆಯಲ್ಲಿ ಒಂಬತ್ತು ದಿನದ ಸಂಬಳ ಹಿಡಿದಿದ್ದರು. "ಹೇಳದೆ ಕೇಳದೆ ಗೈರುಹಾಜರಾದರೆ ಅಂಗಡಿ ನಡೆಯೋದು ಹೇಗ್ರೀ?" ಎಂದು ಎಲ್ಲರ ಮುಂದೆ ಅಂದರಂತೆ. ಔಷಧಿಗೆ, ಕೈಕಾಲು ತಿದ್ದಿಸುವ ವ್ಯಾಯಾಮಕ್ಕೆ ಹಣ ನೀರಿನಂತೆ ಹರಿಯುತ್ತಿದ್ದ ತಿಂಗಳು ಅದು. ನನ್ನ ಎರಡು ಬಳೆ ಅಡವಿಗೆ ಹೋದವು. ಬಳೆ ಹೋದದ್ದಕ್ಕಿಂತ ಇವರು ತಲೆ ತಗ್ಗಿಸಿ ಮನೆಗೆ ಬಂದದ್ದು ನನಗೆ ಹೆಚ್ಚು ನೋವಾಯಿತು.

ಎದುರುಮನೆ ರಾಯರು ಕೇಳಿದ ಪ್ರಶ್ನೆ

ನಮ್ಮ ಎದುರುಮನೆಯ ರಾಯರು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅತ್ತೆಯವರನ್ನು ನೋಡಲು ಬಂದವರು ಎಲ್ಲವನ್ನೂ ಕೇಳಿಸಿಕೊಂಡು, "ಅದು ಸರಿ, ರಜಾ ಅರ್ಜಿ ಎಲ್ಲಿ?" ಎಂದರು. ನಾವು ಮುಖ ಮುಖ ನೋಡಿಕೊಂಡೆವು.

ಆಗ ತಿಳಿದ ಸಂಗತಿ ಇದು. ನಮ್ಮ ರಾಜ್ಯದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗಾಗಿ 1961ರ ಕಾಯಿದೆಯೊಂದಿದೆ. ಅದರ ಪ್ರಕಾರ ಕೆಲಸಗಾರರು ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಗಳಿಸುತ್ತಾರೆ. ಅದಲ್ಲದೆ, ಕಾಯಿಲೆ, ಅಪಘಾತ ಅಥವಾ ಬೇರೆ ಯಾವುದೇ ನ್ಯಾಯವಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಉಂಟು. ಹೆತ್ತ ತಾಯಿ ಮಾತು ನಿಂತು ಮಲಗಿದ್ದಾಳೆ ಎಂಬುದಕ್ಕಿಂತ ನ್ಯಾಯವಾದ ಕಾರಣ ಬೇಕೇ?

ಇವರು ಆ ವರ್ಷ ಆಗಲೇ ಆರು ದಿನ ರಜೆ ಹಾಕಿದ್ದರು. ಅದರಲ್ಲಿ ನಾಲ್ಕು ದಿನ ನನ್ನ ಒತ್ತಾಯಕ್ಕೆ, ನನ್ನ ತವರಿನ ಮದುವೆಗೆ. ರಾಯರೇ ಅರ್ಜಿ ಬರೆಯಿಸಿ, ಆಸ್ಪತ್ರೆಯ ಬಿಡುಗಡೆ ಚೀಟಿಯ ನಕಲು ಲಗತ್ತಿಸಿ ಕಳಿಸಿದರು. ಜಗಳವಿಲ್ಲ, ಕೂಗಾಟವಿಲ್ಲ. ಸಾಹುಕಾರರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದಿದ್ದ ಆರು ದಿನದ ಸಂಬಳ ಕೊಡಿಸಿದರಂತೆ. ಮಿಕ್ಕ ಮೂರು ದಿನವನ್ನು ಗಳಿಸಿದ ರಜೆಗೆ ಸೇರಿಸಿ ಎಂದು ಕೇಳಬಹುದಿತ್ತು. ಇವರ ಸ್ವಭಾವ, ಸಂಕೋಚಪಟ್ಟು ಬಿಟ್ಟುಬಂದರು.

ಯಾರಿಗೆ ಏನುಂಟು?

ಅಂದಿನಿಂದ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ರಾಜ್ಯ ಸರಕಾರಿ ನೌಕರರು ತುರ್ತಿಗೆ ಮೊದಲು ಹಾಕುವುದು ಸಾಂದರ್ಭಿಕ ರಜೆ, ಅಂದರೆ ಸಿ.ಎಲ್. ಮೊದಲು ಇದು ವರ್ಷಕ್ಕೆ 15 ದಿನ ಇತ್ತು. 2019ರಲ್ಲಿ ನಾಲ್ಕನೇ ಶನಿವಾರ ರಜೆಯಾದಾಗ 10 ದಿನಕ್ಕೆ ಇಳಿಯಿತು. ವರ್ಷ ಮುಗಿದರೆ ಇದೂ ಮುಗಿಯಿತು, ಮುಂದಿನ ವರ್ಷಕ್ಕೆ ಕೂಡುವುದಿಲ್ಲ. ಹೆಚ್ಚು ದಿನ ಬೇಕಾದರೆ ಗಳಿಕೆ ರಜೆ ಉಂಟು, ಅದು ವರ್ಷಕ್ಕೆ 30 ದಿನ ಜಮೆಯಾಗುತ್ತದೆ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನ. ಕಾಯಿಲೆಯೆಂದು ವೈದ್ಯರ ಸರ್ಟಿಫಿಕೇಟು ಕೊಟ್ಟರೆ ಈ ಅರ್ಧ ವೇತನದ ಎರಡು ದಿನವನ್ನು ಪೂರ್ಣ ವೇತನದ ಒಂದು ದಿನವಾಗಿ ಪರಿವರ್ತಿಸಿಕೊಳ್ಳಬಹುದು.

ನೌಕರಿಯಲ್ಲಿರುವ ತಾಯಂದಿರಿಗೆ ಇನ್ನೊಂದು ಅನುಕೂಲವಿದೆ. ಮಗುವಿಗೆ 18 ವರ್ಷ ತುಂಬುವವರೆಗೆ, ಕಾಯಿಲೆಗೋ ಪರೀಕ್ಷೆಗೋ ಜೊತೆಗಿರಲು ಶಿಶುಪಾಲನಾ ರಜೆ. ಕೇಂದ್ರ ಸರಕಾರದಲ್ಲಿ ಇದು ಇಡೀ ಸೇವೆಯಲ್ಲಿ 730 ದಿನ. ನಮ್ಮ ರಾಜ್ಯದಲ್ಲಿ 2021ರಿಂದ ಆರು ತಿಂಗಳು.

ಕಾರ್ಖಾನೆಯ ಕೆಲಸಗಾರರಿಗೆ 20 ದಿನ ದುಡಿದರೆ ಒಂದು ದಿನ ಎಂಬ ಲೆಕ್ಕ 1948ರ ಕಾಯಿದೆಯಿಂದಲೂ ಇತ್ತು. ಆದರೆ ಅದಕ್ಕೆ ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದನ್ನು 180 ದಿನಕ್ಕೆ ಇಳಿಸಿದ್ದಾರೆ.

ಇ.ಎಸ್.ಐ. ಕಾರ್ಡು ಇರುವ ಮನೆಯವರು ಒಂದು ಮಾತು ನೆನಪಿಡಿ. ದುಡಿಯುವವರೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70 ಭಾಗ ಸಿಗುತ್ತದೆ. ಆದರೆ ಅತ್ತೆಗೋ ಮಗುವಿಗೋ ಕಾಯಿಲೆಯಾದರೆ ಅವರಿಗೆ ಚಿಕಿತ್ಸೆ ಸಿಕ್ಕೀತೇ ಹೊರತು ನೋಡಿಕೊಳ್ಳಲು ಮನೆಯಲ್ಲಿ ನಿಂತವರಿಗೆ ಈ ಹಣ ಬರುವುದಿಲ್ಲ. ಅದಕ್ಕೆ ಸ್ವಂತ ರಜೆಯನ್ನೇ ಬಳಸಬೇಕು.

ಹೆರಿಗೆ ರಜೆ 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಎಂಬುದು ಹಲವರಿಗೆ ಗೊತ್ತು. ಗರ್ಭಪಾತವಾದರೂ ಆರು ವಾರ ಸಂಬಳ ಸಹಿತ ರಜೆ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೆಲಸಕ್ಕೆ ಹೋಗುವ ಮಗಳೋ ಸೊಸೆಯೋ ಇದ್ದರೆ ಹೇಳಿಡಿ. ಅಂಥ ದುಃಖದಲ್ಲಿ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ.

ನಾವು ಮಾಡಬಹುದಾದದ್ದು

1. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಜೊತೆಗೆ ರಜೆಯ ಲೆಕ್ಕವನ್ನೂ ಬರೆಯಿರಿ. ಇವರು ರಜೆ ಹಾಕಿದ ದಿನಕ್ಕೆ ನಾನು ಕೆಂಪು ಸುತ್ತು ಹಾಕುತ್ತೇನೆ.

2. ನಾಲ್ಕೈದು ದಿನವನ್ನು ಆಪತ್ತಿಗೆಂದೇ ಮೀಸಲಿಡಿ. ನಾಮಕರಣ, ಗೃಹಪ್ರವೇಶಗಳಿಗೆ ಭಾನುವಾರ ಹೋಗಿಬಂದರೆ ನೆಂಟರು ಮುನಿಸಿಕೊಳ್ಳುವುದಿಲ್ಲ. ಈ ಪಾಠಕ್ಕೆ ನಾನೇ ಸಾಕ್ಷಿ.

3. ಯಜಮಾನರ ಮೇಲಿನವರ ಫೋನ್ ನಂಬರು ನಿಮ್ಮ ಬಳಿಯೂ ಇರಲಿ. ಅವರು ರೋಗಿಯ ಜೊತೆ ಓಡಾಡುತ್ತಿರುವಾಗ ಸುದ್ದಿ ಮುಟ್ಟಿಸುವುದು ನಮ್ಮಿಂದ ಆಗುತ್ತದೆ. ಫೋನು ಎತ್ತದಿದ್ದರೆ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ.

4. ಬರೆಯುವುದೂ ಕಷ್ಟವಲ್ಲ. "ನಿನ್ನೆ ರಾತ್ರಿ ನನ್ನ ತಾಯಿಯವರಿಗೆ ಲಕ್ವ ಹೊಡೆದು ಆಸ್ಪತ್ರೆಗೆ ಸೇರಿಸಿರುವುದರಿಂದ ಈ ದಿನದಿಂದ ಮೂರು ದಿನ ರಜೆ ನೀಡಬೇಕಾಗಿ ಕೋರುತ್ತೇನೆ. ಹೆಚ್ಚು ದಿನ ಬೇಕಾದಲ್ಲಿ ತಿಳಿಸುತ್ತೇನೆ." ಇಷ್ಟು ಸಾಕು. ದಿನ ಹೆಚ್ಚಾದರೆ ಮರೆಯದೆ ಮತ್ತೆ ತಿಳಿಸಿ.

5. ಆಸ್ಪತ್ರೆಯ ಚೀಟಿ, ರಸೀದಿ ಒಂದನ್ನೂ ಎಸೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಸುಳ್ಳು ಹೇಳಿ ರಜೆ ಕೇಳಿಸಬೇಡಿ. ನಮ್ಮ ತಂದೆ ಹಳ್ಳಿಶಾಲೆಯ ಮೇಷ್ಟರು. ಅವರ ಕಾಲದಲ್ಲಿ ತಂತಿ ಬರುತ್ತಿತ್ತು. "ತಾಯಿ ಸೀರಿಯಸ್, ಕೂಡಲೇ ಹೊರಡು" ಎಂದು ತಂತಿ ತರಿಸಿಕೊಂಡು ಜಾತ್ರೆಗೆ ಹೋಗುವವರಿದ್ದರಂತೆ. ಕೊನೆಗೆ ನಿಜವಾದ ತಂತಿ ಬಂದವರನ್ನೂ ಹೆಡ್‌ಮಾಸ್ತರು ನಂಬದೆ ಹೋದದ್ದುಂಟು. ತಂತಿ ಸೇವೆ 2013ರಲ್ಲೇ ನಿಂತುಹೋಯಿತು, ಆದರೆ ನಂಬಿಕೆಯ ಮಾತು ಇಂದಿಗೂ ಅದೇ.

ಇನ್ನೊಂದು ಕೆಂಪು ಸುತ್ತು

ಬರೆಯಲು ನಾಚಿಕೆಯಾಗುವ ಒಂದು ಸಂಗತಿಯನ್ನೂ ಹೇಳಿ ಮುಗಿಸುತ್ತೇನೆ. ಅತ್ತೆಯವರು ಬೀಳುವುದಕ್ಕೆ ಎರಡು ತಿಂಗಳ ಹಿಂದೆ ನಮ್ಮ ಮನೆಕೆಲಸದಾಕೆ ಐದು ದಿನ ಬಂದಿರಲಿಲ್ಲ. "ಮಗೀಗೆ ಡೆಂಗಿ ಜ್ವರ ಕಣ್ರಮ್ಮಾ, ಆಸ್ಪತ್ರೇಲಿ ಇದ್ದೆ" ಎಂದಳು. "ಒಂದು ಫೋನಾದರೂ ಮಾಡಬಾರದಿತ್ತಾ? ನಮಗೆಷ್ಟು ಕಷ್ಟವಾಯಿತು ಗೊತ್ತಾ?" ಎಂದು ಗದರಿಸಿ, ಐದು ದಿನದ ದುಡ್ಡು ಹಿಡಿದುಕೊಂಡಿದ್ದೆ. ಸಾಹುಕಾರರು ಆಡಿದ ಮಾತನ್ನು ಇವರು ಮನೆಯಲ್ಲಿ ಹೇಳಿದಾಗ ಪಾತ್ರೆ ತೊಳೆಯುತ್ತಿದ್ದ ಆಕೆಯ ಕೈ ಒಂದು ಕ್ಷಣ ನಿಂತಿತು. ತಲೆ ಎತ್ತಲಿಲ್ಲ, ಏನೂ ಅನ್ನಲಿಲ್ಲ. ಆದರೆ ನನಗೆ ನನ್ನದೇ ಮಾತು ಕೇಳಿಸಿತು.

ಇವರ ಸಂಬಳ ವಾಪಸು ಬಂದ ದಿನ ಆ ಐದು ದಿನದ ಹಣವನ್ನು ಆಕೆಯ ಕೈಗಿಟ್ಟೆ. "ಇದ್ಯಾತಕ್ಕಮ್ಮಾ?" ಎಂದಳು. "ಅವತ್ತಿಂದು" ಎಂದೆ. ಹೆಚ್ಚು ಮಾತಾಡಲು ಬಾಯಿ ಬರಲಿಲ್ಲ. ಈಗ ಆಕೆಗೂ ತಿಂಗಳಿಗೆ ಎರಡು ದಿನ ರಜೆ, ಆಪತ್ತಿಗೆ ಬೇರೆ. ನಮ್ಮ ಕ್ಯಾಲೆಂಡರಿನಲ್ಲಿ ಆಕೆಯ ಲೆಕ್ಕಕ್ಕೆ ಹಸಿರು ಸುತ್ತು.

ಅತ್ತೆಯವರು ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಳೆ ಬಿಡಿಸಿಕೊಂಡಾಯಿತು. ನೀವೂ ಇವತ್ತು ರಾತ್ರಿ ಊಟ ಬಡಿಸುವಾಗ ಯಜಮಾನರನ್ನು ಒಂದು ಮಾತು ಕೇಳಿಡಿ: "ಏನೂಂದ್ರೆ, ನಿಮಗೆ ಇನ್ನೆಷ್ಟು ದಿನ ರಜೆ ಉಳಿದಿದೆ?"