ಖಿನ್ನತೆಯ ಮಾತ್ರೆ ಬಿಟ್ಟರೆ ತೂಕ ಇಳಿಯುತ್ತದೆಯೇ?

‘ಡಿಪ್ರೆಶನ್ ಮಾತ್ರೆ ತಿಂದರೆ ದಪ್ಪ ಆಗುವುದು ಗ್ಯಾರಂಟಿ, ಬಿಟ್ಟುಬಿಡಿ’ ಎಂಬ ಸಲಹೆ ಅರ್ಧ ಸತ್ಯ, ಪೂರ್ತಿ ಅಪಾಯ.

ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಮಿರ್ಟಾಜಪಿನ್ ಹಸಿವು ಹೆಚ್ಚಿಸುವುದರಿಂದ ಡಯಟ್ ಕಷ್ಟವಾಗಬಹುದು. ಬ್ಯುಪ್ರೊಪಿಯಾನ್‌ನಿಂದ ಕೆಲವರ ತೂಕ ತುಸು ಇಳಿಯುವುದೂ ಉಂಟು. 1.8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ 2024ರ ಅಮೆರಿಕದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಎಸ್ಸಿಟಾಲೋಪ್ರಾಮ್ ಮತ್ತು ಸರ್ಟ್ರಲಿನ್ ನಡುವಿನ ಸರಾಸರಿ ವ್ಯತ್ಯಾಸ ಸುಮಾರು 0.4 ಕಿಲೋ ಅಷ್ಟೇ. ಖಿನ್ನತೆಯಿಂದ ಊಟ ಬಿಟ್ಟವರಿಗೆ ಚೇತರಿಸಿಕೊಂಡಾಗ ಹಸಿವು ಮರಳುವುದರಿಂದಲೂ ತೂಕ ಏರುತ್ತದೆ.

ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ ಕಾಡಬಹುದು, ಖಿನ್ನತೆ ಮರುಕಳಿಸಬಹುದು. ಪ್ರತಿ ವಾರದ ತೂಕ ಬರೆದಿಟ್ಟು ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಅವರೇ ಮಾತ್ರೆ ಬದಲಿಸುತ್ತಾರೆ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ.