ಖಾಸಗಿ ಶಾಲೆ ಮಕ್ಕಳಿಗೆಲ್ಲ ‘ಅಡ್ವಾನ್ಸ್ಡ್ ಮ್ಯಾಥ್ಸ್’ ಟ್ಯೂಷನ್ ಬೇಕೇ?

“7ನೇ ತರಗತಿಯಿಂದಲೇ ಅಡ್ವಾನ್ಸ್ಡ್ ಮ್ಯಾಥ್ಸ್ ಹಾಕಿಸದಿದ್ದರೆ ಇಂಜಿನಿಯರಿಂಗ್ ಸೀಟು ಮರೆತುಬಿಡಿ” ಎಂಬಂಥ ಸಂದೇಶ ವಾಟ್ಸಾಪ್‌ನಲ್ಲಿ ಬಂದರೆ ಗಾಬರಿಯಾಗಬೇಡಿ. ರಾಯಚೂರಿನಲ್ಲೇ ಇರುವ ಐಐಐಟಿಯ ಬಿ.ಟೆಕ್ ಸೀಟಿಗೆ ಬೇಕಿರುವುದು ಜೆಇಇ ಮೇನ್; ಅದರ ಪಠ್ಯ 11, 12ನೇ ತರಗತಿಯದು.

ನಾವು ಹೇಳುವುದು ಇಷ್ಟು: ಹಿಂದಿನ ವರ್ಷದ ಪುಸ್ತಕದಿಂದ ಹತ್ತು ಲೆಕ್ಕ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಭಿನ್ನರಾಶಿ, ಋಣ ಸಂಖ್ಯೆಯಲ್ಲೇ ಎಡವಿದರೆ ಬೇಕಿರುವುದು ಬುನಾದಿ, ಅಡ್ವಾನ್ಸ್ಡ್ ಅಲ್ಲ. ಎಲ್ಲ ಬಿಡಿಸಿ, ಉತ್ತರ ಹೇಗೆ ಬಂತೆಂದೂ ವಿವರಿಸಿ, ‘ಇನ್ನೂ ಕಷ್ಟದ್ದು ಕೊಡಿ’ ಎಂದರೆ ಆಗ ಯೋಚಿಸಿ. ಮಾನ್ವಿ, ದೇವದುರ್ಗದಿಂದ ದಿನಾ ರಾಯಚೂರಿಗೆ ಬಸ್ಸು ಹತ್ತಿಸುವುದಾದರೆ ದಾರಿಯಲ್ಲಿ ಕಳೆಯುವ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಶಾಲೆಯ ಗಣಿತದ ಸರ್ ಅವರೇ “ನನ್ನ ಟ್ಯೂಷನ್‌ಗೆ ಕಳಿಸಿ” ಎಂದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವಂತಿಲ್ಲ.