ದ್ರಾಕ್ಷಾಮದ್ಯದ ರುಚಿಪರೀಕ್ಷೆಗಾಗಿ ನಾಸಿಕ ಪ್ರವಾಸ: ತಂಗುವ ಸ್ಥಳದ ವಿಚಾರ

ದ್ರಾಕ್ಷಿಯು ನಮ್ಮ ರಾಜ್ಯದ ಬೇಸಾಯಗಾರರಿಗೆ ಹೊಸ ಬೆಳೆಯಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಬೆಂಗಳೂರು ನೀಲಿ ದ್ರಾಕ್ಷಿಯೂ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬೀಜವಿಲ್ಲದ ದ್ರಾಕ್ಷಿಯೂ, ಅದರಿಂದ ಮಾಡುವ ಒಣದ್ರಾಕ್ಷಿಯೂ ವಾಚಕರಿಗೆ ಚೆನ್ನಾಗಿ ಪರಿಚಿತವಾದವುಗಳೇ. ಆದರೆ ವೈನ್ ಎಂದು ಕರೆಯಲ್ಪಡುವ ದ್ರಾಕ್ಷಾಮದ್ಯಕ್ಕೆಂದೇ ಬೆಳೆಯತಕ್ಕ ಫ್ರಾನ್ಸ್ ದೇಶದ ಜಾತಿಗಳು ನಮ್ಮಲ್ಲಿ ಈಚಿನವು. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಮನೆತನದವರ ತೋಟವು 1988ರಲ್ಲಿ ಆರಂಭವಾಯಿತು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ತರುವಾಯ, ನೀರಾವರಿಯುಳ್ಳ ಭೂಮಾಲಿಕರು ಅನೇಕರು ಈ ಬೆಳೆಯ ಮೇಲೆ ಕಣ್ಣಿಟ್ಟಿದ್ದಾರೆ. ಇವರು ನನ್ನಲ್ಲಿಗೆ ಬಂದಾಗ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆಗಳನ್ನು: ನೋಡಿ ಬರಲು ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು. ಹೋದ ಊರಿನಲ್ಲಿ ರಾತ್ರಿ ಎಲ್ಲಿ ಇಳಿದುಕೊಳ್ಳಬೇಕೆಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಮಿಕ್ಕೆರಡಕ್ಕಿಂತ ಅದೇ ಮುಖ್ಯವಾದುದು.

ಮದ್ಯಪಾನವನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಾನ ಮಾಡದ ವ್ರತವುಳ್ಳವರೂ ಈ ಪ್ರವಾಸವನ್ನು ಮಾಡಬಹುದು. ಅದು ಹೇಗೆಂಬುದನ್ನು ಮುಂದೆ ತಿಳಿಸುತ್ತೇನೆ.

ನೋಡಬೇಕಾದ ಸ್ಥಳಗಳಲ್ಲಿ ಮಹಾರಾಷ್ಟ್ರದ ನಾಸಿಕ ಜಿಲ್ಲೆಗೆ ಸಮನಾದುದು ನಮ್ಮ ದೇಶದಲ್ಲಿ ಬೇರೊಂದಿಲ್ಲ. ನಂದಿಬೆಟ್ಟದ ತಪ್ಪಲನ್ನು ಬೆಂಗಳೂರಿನಿಂದ ಒಂದೇ ದಿನದಲ್ಲಿ ನೋಡಿ ಹಿಂದಿರುಗಬಹುದು, ಮೊದಲು ಅಲ್ಲಿಗೆ ಹೋಗಿಬರುವುದು ಉಚಿತವೂ ಹೌದು. ಆದರೆ ಒಂದೇ ಸೀಮೆಯಲ್ಲಿ ಹಲವು ಕಾರ್ಖಾನೆಗಳನ್ನೂ, ಅವುಗಳಿಗೆ ಹಣ್ಣನ್ನು ಒದಗಿಸುವ ಬಹುಸಂಖ್ಯೆಯ ರೈತರನ್ನೂ ಕಾಣಬೇಕಾದರೆ ನಾಸಿಕಕ್ಕೇ ಹೋಗತಕ್ಕದ್ದು. ಅಲ್ಲಿನ ಸುಲಾ ತೋಟವನ್ನು ಸ್ಥಾಪಿಸಿದ ರಾಜೀವ್ ಸಾಮಂತ್ ರವರು ಅಮೆರಿಕದಲ್ಲಿ ಓದಿ, ಅಲ್ಲಿಯೇ ಉದ್ಯೋಗದಲ್ಲಿದ್ದು, ಸ್ವದೇಶಕ್ಕೆ ಹಿಂದಿರುಗಿ, ಮನೆತನದ ಜಮೀನಿನಲ್ಲಿ 1997ರಲ್ಲಿ ಸೋವಿನ್ಯೋ ಬ್ಲಾಂ, ಶೆನಿನ್ ಬ್ಲಾಂ ಎಂಬ ಬಿಳಿಯ ಜಾತಿಗಳನ್ನು ನೆಟ್ಟರು. 2000ನೆಯ ಇಸವಿಯಲ್ಲಿ ಅವರ ಮೊದಲ ಸೀಸೆಗಳು ಹೊರಬಂದವು. ಮರುವರ್ಷ, ಅಂದರೆ 2001ರಲ್ಲಿ, ಮಹಾರಾಷ್ಟ್ರ ಸರ್ಕಾರವು ಈ ಉದ್ಯಮಕ್ಕೆಂದು ನೀತಿಯೊಂದನ್ನು ರಚಿಸಿ, ನಾಸಿಕ ಜಿಲ್ಲೆಯ ವಿಂಚೂರಿನಲ್ಲಿಯೂ ಸಾಂಗಲಿ ಜಿಲ್ಲೆಯ ಪಲೂಸಿನಲ್ಲಿಯೂ ಪ್ರತ್ಯೇಕ ಕೈಗಾರಿಕಾ ವಲಯಗಳನ್ನು ಏರ್ಪಡಿಸಿತು.

ಪ್ರವಾಸದ ಕಾಲವು ಜನವರಿಯ ನಡುವಿನಿಂದ ಮಾರ್ಚಿಯ ಆರಂಭದವರೆಗೆ ಇರಬೇಕು. ನಮ್ಮ ಸೀಮೆಯಂತೆಯೇ ಅಲ್ಲಿಯೂ ಬಳ್ಳಿಗಳಿಗೆ ಏಪ್ರಿಲಿನಲ್ಲಿ ಒಂದು ಸಾರಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೊಂದು ಸಾರಿ ಚಾಟ್ನಿ ಮಾಡುತ್ತಾರೆ. ಎರಡನೆಯ ಚಾಟ್ನಿಯ ಫಸಲು ಈ ತಿಂಗಳುಗಳಲ್ಲಿ ಕೊಯ್ಲಿಗೆ ಬರುವುದು. ಮಿಕ್ಕ ಕಾಲದಲ್ಲಿ ಹೋದರೆ ಖಾಲಿ ತೊಟ್ಟಿಗಳನ್ನೂ ಎಲೆಯ ಚಪ್ಪರವನ್ನೂ ನೋಡಿ ಬಂದಂತಾಗುತ್ತದೆ. ಜನವರಿ 26ರಂದು ಮದ್ಯದ ಮಾರಾಟವು ಶಾಸನಬದ್ಧವಾಗಿ ನಿಷಿದ್ಧವಾದ್ದರಿಂದ ಆ ದಿನ ರುಚಿಪರೀಕ್ಷೆ ಇರುವುದಿಲ್ಲ. ರಜೆಯೆಂದು ಅದೇ ದಿನಕ್ಕೆ ಹೊರಟು ಹೋಗಿ ನಿರಾಶರಾದವರುಂಟು. ಶನಿವಾರ ಭಾನುವಾರಗಳಲ್ಲಿ ಮುಂಬಯಿಯ ಜನಸಂದಣಿಯೆಲ್ಲವೂ ಅಲ್ಲಿಯೇ ಇರುತ್ತದೆ. ಆಗ ಕೊಠಡಿಗಳ ಬಾಡಿಗೆಯು ಏರುವುದಲ್ಲದೆ, ತೋರಿಸುವವನಿಗೆ ರೈತನ ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟು ಪುರಸತ್ತೂ ಇರುವುದಿಲ್ಲ. ಸೋಮವಾರದಿಂದ ಗುರುವಾರದೊಳಗೆ ಹೋಗತಕ್ಕದ್ದು. ನಾಸಿಕದಲ್ಲಿ 12 ವರ್ಷಗಳಿಗೊಮ್ಮೆ ಸಿಂಹಸ್ಥ ಕುಂಭಮೇಳವು ನಡೆಯುತ್ತದೆ, 2015ರಲ್ಲಿ ನಡೆದಿತ್ತು. ಮೇಳದ ಕಾಲದಲ್ಲಿ ಈ ಕೆಲಸಕ್ಕೆ ಹೊರಡುವುದು ಸಲ್ಲದು.

ಬೆಂಗಳೂರು ಕಡೆಯವರು ಕರ್ನಾಟಕ ಎಕ್ಸ್‌ಪ್ರೆಸ್ ರೈಲಿನಲ್ಲಿ ಮನಮಾಡ್ ಜಂಕ್ಷನ್ನಿಗೆ ಹೋಗಿ, ಅಲ್ಲಿಂದ ಬೇರೆ ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ನಾಸಿಕವನ್ನು ಸೇರಬಹುದು. ರೈಲಿನಲ್ಲಿ ಹೋಗುವವರು ಇಳಿಯಬೇಕಾದ ನಿಲ್ದಾಣದ ಹೆಸರು ನಾಸಿಕ ರೋಡ್. ಊರು ಅಲ್ಲಿಂದ ಎರಡು ಹರಿದಾರಿಯಷ್ಟು ದೂರವಿದೆ. ವಿಜಯಪುರದ ಕಡೆಯವರಿಗೆ ಸೊಲ್ಲಾಪುರದ ಮೇಲೆ ರಸ್ತೆಯ ದಾರಿಯೇ ಅನುಕೂಲವು. ಜನವರಿಯಲ್ಲಿ ಅಲ್ಲಿನ ಚಳಿಯನ್ನು ನಮ್ಮವರು ಲಘುವಾಗಿ ಎಣಿಸಬಾರದು. ನಿಫಾಡ್ ತಾಲ್ಲೂಕಿನಲ್ಲಿ ರಾತ್ರಿಯ ಉಷ್ಣಾಂಶವು ಹತ್ತು ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಕಂಬಳಿಯು ಕೈಯಲ್ಲಿರಲಿ.

ಇನ್ನು ಇಳಿದುಕೊಳ್ಳುವ ಸ್ಥಳದ ವಿಚಾರಕ್ಕೆ ಬರುತ್ತೇನೆ. ಇದರಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳದೆ ವಿಧಿಯಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, 2008ರ ಫೆಬ್ರವರಿಯಲ್ಲಿ, ನನ್ನ ಹಲ್ಕೆಯ ಆರು ಮಂದಿ ಭೂಮಾಲಿಕರನ್ನು ಕರೆದುಕೊಂಡು ಇಂತಹುದೇ ಒಂದು ಪ್ರವಾಸವನ್ನು ಮಾಡಿದೆನು. ಹಣ್ಣನ್ನು ಕೊಳ್ಳುವ ಕಂಪನಿಯೊಂದರವರು ತಮ್ಮ ತೋಟದ ಅತಿಥಿಗೃಹದಲ್ಲಿಯೇ ನಮಗೆ ಎರಡು ರಾತ್ರಿ ಸ್ಥಳವನ್ನು ಕೊಟ್ಟರು. ಊಟೋಪಚಾರಗಳು ಚೆನ್ನಾಗಿದ್ದವು. ನೆಲಮಾಳಿಗೆಯ ಓಕ್ ಮರದ ಪೀಪಾಯಿಗಳನ್ನು ದೀಪದ ಬೆಳಕಿನಲ್ಲಿ ತೋರಿಸಿದರು. ಬೆಳಿಗ್ಗೆ ಅವರದೇ ವಾಹನದಲ್ಲಿ ಅವರೇ ಆರಿಸಿದ ಎರಡು ತೋಟಗಳಿಗೆ ಹೋಗಿಬಂದೆವು. ನಮ್ಮಲ್ಲಿ ಹಿರಿಯರಾದ ಒಬ್ಬ ಯಜಮಾನರು ಊರಿಗೆ ಬಂದವರೇ ಐದು ಎಕರೆ ಬೆಂಗಳೂರು ನೀಲಿಯನ್ನು ಕೀಳಿಸಿ, ಸಾಲ ಮಾಡಿ, ಕರಾರಿನ ಮೇಲೆ ಷಿರಾಜ್ ಜಾತಿಯನ್ನು ನೆಟ್ಟರು. ನಾನೂ ಬೇಡವೆನ್ನಲಿಲ್ಲ, ಬದಲಾಗಿ ಉತ್ತೇಜನವನ್ನೇ ಕೊಟ್ಟೆನು. 2010ರ ಮೊದಲ ಫಸಲನ್ನು ಕಂಪನಿಯು ತೆಗೆದುಕೊಂಡಿತು, ಹಣವು ಬಹಳ ತಡವಾಗಿ ಬಂದಿತು. 2011ರಲ್ಲಿ ಹಣ್ಣು ಮಾಗಿ ನಿಂತರೂ ಲಾರಿ ಬರಲಿಲ್ಲ.

ಆಗಲೇ ನಮಗೆ ಈ ಬೆಳೆಯ ಸ್ವಭಾವವು ಅರ್ಥವಾದುದು. ಬೆಂಗಳೂರು ನೀಲಿಯನ್ನು ಒಬ್ಬನು ಬೇಡವೆಂದರೆ ಸಂತೆಗೆ ಹಾಕಬಹುದು, ಹಣ್ಣಿನ ರಸ ತೆಗೆಯುವವರಿಗೆ ಕೊಡಬಹುದು. ಷಿರಾಜಿನ ಕಾಯಿಯಾದರೋ ಸಣ್ಣದು, ತೊಗಲು ದಪ್ಪ, ಒಳಗೆ ಬೀಜ. ಸಂತೆಯಲ್ಲಿ ಅದನ್ನು ಮೂಸಿ ನೋಡುವವರಿಲ್ಲ. ಕೊಳ್ಳುವವನು ಒಬ್ಬನೇ ಆಗಿ, ಅವನೂ ಬಾರದಿದ್ದರೆ ಹಣ್ಣು ಬಳ್ಳಿಯಲ್ಲಿಯೇ ಸುಕ್ಕಿ ಒಣಗಬೇಕು. ಯಜಮಾನರದು ಹಾಗೆಯೇ ಆಯಿತು. ಅವರು ನನ್ನನ್ನು ದೂಷಿಸಲಿಲ್ಲ. "ಸ್ವಾಮಿ, ಆ ಎರಡು ರಾತ್ರಿ ನಾವು ಮಲಗಿದ್ದು ಕೊಳ್ಳುವವನ ಮನೆಯಲ್ಲಿ, ಬೆಳೆದವನ ಮನೆಯಲ್ಲಿ ಒಂದು ರಾತ್ರಿ ಮಲಗಿದ್ದರೆ ಸಾಕಾಗಿತ್ತು" ಎಂದಷ್ಟೇ ಹೇಳಿದರು.

ಆ ವರ್ಷಗಳಲ್ಲಿ ನಾಸಿಕದಲ್ಲಿಯೇ ಸಂಗತಿಯು ಹೀಗಾಗಿತ್ತೆಂಬುದನ್ನು ವಾಚಕರು ತಿಳಿದಿರಬೇಕು. 2008ರ ಆರ್ಥಿಕ ಕುಸಿತದಿಂದಲೂ, ಆ ನವೆಂಬರಿನ ಮುಂಬಯಿ ದಾಳಿಯಿಂದಲೂ ಹೋಟಲುಗಳ ವ್ಯಾಪಾರವು ಇಳಿದು, ದ್ರಾಕ್ಷಾಮದ್ಯದ ಮಾರಾಟವು ಕುಗ್ಗಿತು. ತೊಟ್ಟಿಗಳಲ್ಲಿ ಹಿಂದಿನ ವರ್ಷದ ಸರಕು ತುಂಬಿರಲು ಹೊಸ ಹಣ್ಣಿಗೆ ಎಡೆಯಿಲ್ಲದೆ ಹೋಯಿತು. ಅನೇಕ ರೈತರು ಮದ್ಯದ ಜಾತಿಗಳನ್ನು ಕಿತ್ತು ಪುನಃ ತಿನ್ನುವ ದ್ರಾಕ್ಷಿಯನ್ನು ನೆಟ್ಟರು. ಉದ್ಯಮವು ಅನಂತರ ಚೇತರಿಸಿಕೊಂಡಿದೆ, ಒಳ್ಳೆಯ ಕರಾರಿನಲ್ಲಿ ಲಾಭ ಪಡೆಯುತ್ತಿರುವ ರೈತರೂ ಇದ್ದಾರೆ. ಆದರೆ ಬಳ್ಳಿ ಕಿತ್ತವರ ಮತ್ತು ಕೀಳದೆ ಉಳಿಸಿಕೊಂಡವರ ಅನುಭವವು ಅತಿಥಿಗೃಹದಲ್ಲಿ ದೊರೆಯುವ ವಸ್ತುವಲ್ಲ.

ಆದಕಾರಣ ಮೂರು ರಾತ್ರಿಯ ಪ್ರವಾಸವಾದರೆ ನನ್ನ ಸಲಹೆಯು ಹೀಗಿದೆ. ಗಂಗಾಪುರ ಅಣೆಕಟ್ಟಿನ ಸಮೀಪದಲ್ಲಿ ತೋಟಗಳಿಗೆ ಸೇರಿದ ವಸತಿಗೃಹಗಳಿವೆ. ನೋಟವು ಮನೋಹರವಾದುದು, ಬಾಡಿಗೆಯು ದುಬಾರಿ. ಕೈಯಲ್ಲಿ ಹಣವಿದ್ದವರು ಅಲ್ಲಿ ಒಂದು ರಾತ್ರಿ ಇರಬಹುದು, ಆದರೆ ಸ್ವಂತ ಹಣವನ್ನು ಕೊಟ್ಟೇ ಇರತಕ್ಕದ್ದು. ಕರಾರಿಗೆ ಕರೆಯುತ್ತಿರುವವರ ಅನ್ನವನ್ನು ಉಂಡವನಿಗೆ ಮರುದಿನ ಕಠಿನವಾದ ಪ್ರಶ್ನೆಯನ್ನು ಕೇಳಲು ಬಾಯಿ ಬರುವುದಿಲ್ಲ. ಮಿಕ್ಕೆರಡು ರಾತ್ರಿಗಳನ್ನು ಪಿಂಪಳಗಾಂವ್ ಬಸವಂತದಲ್ಲಾಗಲಿ ದಿಂಡೋರಿಯಲ್ಲಾಗಲಿ ಕಳೆಯುವುದು ಮೇಲು. ಇವು ನಾಸಿಕದಿಂದ ಒಂದು ಗಂಟೆಯೊಳಗಿನ ದಾರಿ. ಊರುಗಳು ಸಾಧಾರಣವಾದವು, ವಸತಿಯೂ ಸಾಧಾರಣವಾದುದೇ. ಆದರೆ ಸಂಜೆ ಚಹಾದ ಅಂಗಡಿಯಲ್ಲಿ ಕುಳಿತರೆ ಎಡಬಲದಲ್ಲಿ ಕುಳಿತವರೆಲ್ಲರೂ ದ್ರಾಕ್ಷಿಯ ರೈತರು. ಪರಿಚಯಸ್ಥರ ಮೂಲಕ ರೈತನೊಬ್ಬನ ಮನೆಯಲ್ಲಿಯೇ ಸ್ಥಳ ದೊರೆತರೆ ಅದಕ್ಕಿಂತ ಉತ್ತಮವಾದುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಎರಡನೆಯ ಸಾರಿ ಹೋದಾಗ ಹಾಗೆ ಒಂದು ಮನೆಯಲ್ಲಿ ಉಳಿದುಕೊಂಡೆನು. ಮನೆಯ ಯಜಮಾನರು ಜೋಳದ ರೊಟ್ಟಿಯ ಊಟವಾದ ಮೇಲೆ ತಾವಾಗಿಯೇ ಲೆಕ್ಕದ ಪುಸ್ತಕವನ್ನು ತಂದು ಮುಂದಿಟ್ಟರು. ಯಾವ ಲೋಡನ್ನು ಯಾವ ದಿನ ಒಯ್ದರು, ಸಕ್ಕರೆಯ ಅಂಶವೆಷ್ಟು ಬಂದಿತ್ತು, ಎಷ್ಟನ್ನು ಹಿಂದಕ್ಕೆ ಕಳುಹಿಸಿದರು, ಹಣವು ಯಾವ ತಿಂಗಳಲ್ಲಿ ಕೈಸೇರಿತು, ಎಲ್ಲವೂ ಅದರಲ್ಲಿದ್ದವು. ನಡುರಾತ್ರಿ ಚಳಿ ಹೆಚ್ಚಿದಾಗ ನೆರೆಯ ತೋಟಗಳಲ್ಲಿ ತಿನ್ನುವ ದ್ರಾಕ್ಷಿಯ ಗೊನೆಗಳು ಸಿಡಿಯದಿರಲೆಂದು ಬೆಂಕಿ ಹಾಕಿದ್ದನ್ನು ಕಂಡೆನು. ಹಗಲಿನಲ್ಲಿ ಬಂದುಹೋಗುವ ಪ್ರವಾಸಿಗೆ ಇದು ಯಾವುದೂ ಕಾಣದು.

ಮನೆಯ ಹೆಂಗಸರನ್ನೂ ಹಿರಿಯರನ್ನೂ ಜೊತೆಗೆ ಕರೆದೊಯ್ಯುವವರು ಪಂಚವಟಿಯ ಧರ್ಮಶಾಲೆಗಳಲ್ಲಿ ಅವರಿಗೆ ಸ್ಥಳ ಮಾಡಿಕೊಡಬಹುದು. ಗೋದಾವರಿಯ ಸ್ನಾನವೂ, ಸುಮಾರು 30 ಕಿಲೋಮೀಟರು ದೂರದ ತ್ರ್ಯಂಬಕೇಶ್ವರದ ದರ್ಶನವೂ ಆಗುತ್ತದೆ. ಆದರೆ ಮದ್ಯದ ರುಚಿ ನೋಡಿದವರು ಆ ರಾತ್ರಿ ಧರ್ಮಶಾಲೆಗೆ ಹೋಗಬಾರದು. ಸೀಸೆಗಳನ್ನಂತೂ ಅಲ್ಲಿಗೆ ಒಯ್ಯಲೇಕೂಡದು.

ರುಚಿಪರೀಕ್ಷೆಯು ಕುಡಿಯುವುದಲ್ಲ. ಬಟ್ಟಲಿಗೆ ಒಂದೆರಡು ಗುಟುಕಿನಷ್ಟನ್ನು ಮಾತ್ರ ಸುರಿದು ಕೊಡುತ್ತಾರೆ. ಕಾಂಡವನ್ನು ಹಿಡಿದು ಬಣ್ಣವನ್ನು ನೋಡಿ, ಅಲುಗಾಡಿಸಿ ವಾಸನೆಯನ್ನು ಗ್ರಹಿಸಿ, ಬಾಯಲ್ಲಿ ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳುವುದು ಪದ್ಧತಿ. ಉಗುಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ಮದ್ಯ ತಯಾರಕರೇ ಉಗುಳುತ್ತಾರೆ. ಬಿಳಿಯದನ್ನು ಮೊದಲು, ಕೆಂಪನ್ನು ಅನಂತರ ನೋಡಬೇಕು. ಬಾಯಿಗೂ ಇಡಲೊಲ್ಲದವರು ಬಣ್ಣ ಮತ್ತು ವಾಸನೆಯಿಂದಲೇ ಬೇಕಾದಷ್ಟು ತಿಳಿಯಬಹುದು, ತೋಟದಲ್ಲಿ ಹಣ್ಣನ್ನು ಬಿಡಿಸಿ ತಿಂದು ನೋಡಬಹುದು.

ಬೆಳೆಯುವವನಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ತಿನ್ನುವ ದ್ರಾಕ್ಷಿಯಲ್ಲಿ ತೂಕವೇ ಹಣ. ಕೊಯ್ಲಿನ ಮುಂಚೆ ನೀರು ಕೊಟ್ಟು ಕಾಯಿಯನ್ನು ಉಬ್ಬಿಸುವುದು ನಮ್ಮವರ ಅಭ್ಯಾಸ. ಮದ್ಯದ ದ್ರಾಕ್ಷಿಯಲ್ಲಿ ಹಾಗೆ ಮಾಡಿದರೆ ಸಕ್ಕರೆಯ ಅಂಶವು ಇಳಿದು, ರಸವು ತೆಳುವಾಗಿ, ಲೋಡು ಹಿಂದಕ್ಕೆ ಬರುತ್ತದೆ. ಬಿಳಿಯ ಜಾತಿಗಳಿಗೆ ಸಾಮಾನ್ಯವಾಗಿ 20ರಿಂದ 22, ಕೆಂಪು ಜಾತಿಗಳಿಗೆ 22ರಿಂದ 24 ಡಿಗ್ರಿ ಬ್ರಿಕ್ಸ್ ಬೇಕೆನ್ನುತ್ತಾರೆ. ಅಷ್ಟೇ ಅಲ್ಲ, ಬಿಸಿಲೇರಿದಂತೆ ಹಣ್ಣಿನ ಹುಳಿಯು ಕುಂದುತ್ತದೆ. ಕೊಯ್ಲು ಒಂದು ವಾರ ತಡವಾದರೆ ಮದ್ಯವು ಸಪ್ಪೆಯಾಗುವುದು. ಆದ್ದರಿಂದ ಗೊನೆಗಳನ್ನು ಕಡಿಮೆ ಬಿಡಿಸಿ, ಎಕರೆಗೆ ತಿನ್ನುವ ದ್ರಾಕ್ಷಿಗಿಂತ ಬಹಳ ಕಡಿಮೆ ಫಸಲನ್ನು ತೆಗೆಯಬೇಕೆಂದು ಕರಾರಿನಲ್ಲಿ ಬರೆಸುತ್ತಾರೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನಮ್ಮ ರೈತನು ಇದು ದರ ಕಡಿಮೆ ಮಾಡುವ ಉಪಾಯವೆಂದು ತಿಳಿಯುತ್ತಾನೆ. ಒಂದೇ ಜಾತಿಯ, ಬೇರೆ ಬೇರೆ ದರದ ಎರಡು ಮದ್ಯಗಳನ್ನು ಒಟ್ಟಿಗೆ ಬಾಯಲ್ಲಿ ಹಾಕಿ ನೋಡಿದರೆ ವ್ಯತ್ಯಾಸವು ತಾನೇ ಗೊತ್ತಾಗುವುದು. ಆಮೇಲೆ ಆ ಕಡಿಮೆ ಇಳುವರಿಗೆ ತಕ್ಕ ದರವು ಕರಾರಿನಲ್ಲಿದೆಯೇ ಎಂದು ಲೆಕ್ಕ ಹಾಕುವ ಶಕ್ತಿಯೂ ಅವನಿಗೆ ಬರುವುದು. ಒಂದು ಸೀಸೆಗೆ, ಅಂದರೆ 750 ಮಿಲಿಲೀಟರಿಗೆ, ಒಂದು ಕಿಲೋವಿಗಿಂತ ತುಸು ಹೆಚ್ಚು ಹಣ್ಣು ಸಾಕೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಸೀಸೆಯ ಮೇಲಿನ ಬೆಲೆಯನ್ನು ಓದಿ ನೋಡಿರಿ.

ಕಾರ್ಖಾನೆಯಲ್ಲಿ ಕೇಳತಕ್ಕ ಪ್ರಶ್ನೆಗಳಲ್ಲಿ ಮುಖ್ಯವಾದುದು ಇಷ್ಟೇ: ಕಳೆದ ವರ್ಷದ ಸರಕು ತೊಟ್ಟಿಗಳಲ್ಲಿ ಎಷ್ಟು ಉಳಿದಿದೆ. ಉತ್ತರವನ್ನು ಕೇಳಿ ಸುಮ್ಮನಾಗದೆ ಕೊಯ್ಲಿನ ಕಾಲದಲ್ಲಿ ಎಷ್ಟು ತೊಟ್ಟಿಗಳು ಹಣ್ಣಿಗಾಗಿ ಬರಿದಾಗಿವೆಯೆಂದು ಕಣ್ಣಾರೆ ನೋಡಬೇಕು. ಕಂಪನಿಯು ಹಣ್ಣನ್ನು ಒಯ್ಯದಿದ್ದರೆ ಪರಿಹಾರವೇನೆಂಬುದು ಕರಾರಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ರಾತ್ರಿ ರೈತರ ಮನೆಯಲ್ಲಿಯೇ ವಿಚಾರಿಸತಕ್ಕದ್ದು.

ಹಿಂದಿರುಗುವಾಗ ಒಂದು ದಿನ ಹೆಚ್ಚಾಗಿದ್ದರೆ ಪುಣೆಯ ಬಳಿ ಮಾಂಜರಿಯಲ್ಲಿ 1997ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವನ್ನು ನೋಡಬಹುದು. ಉಪ್ಪು ನೀರಿಗೂ ನೀರಿನ ಅಭಾವಕ್ಕೂ ತಡೆದುಕೊಳ್ಳುವ ಬೇರುಸಸಿಗಳ ವಿಷಯದಲ್ಲಿ ಅಲ್ಲಿ ದೊರೆಯುವ ತಿಳಿವಳಿಕೆಯು ಯಾವ ದ್ರಾಕ್ಷಿಯನ್ನು ಬೆಳೆಯುವವರಿಗೂ ಉಪಯುಕ್ತವಾದುದು.

ಮಹಾರಾಷ್ಟ್ರದಲ್ಲಿ 1949ರ ಪಾನನಿರೋಧ ಶಾಸನದ ಪ್ರಕಾರ ಪಾನಕ್ಕೆ ಪರವಾನಗಿ ಬೇಕು. ಒಂದು ದಿನದ ಚೀಟಿಯೂ ದೊರೆಯುತ್ತದೆ. 21 ವರ್ಷ ತುಂಬದವರಿಗೆ ಕೊಡುವುದಿಲ್ಲವಾದ್ದರಿಂದ ಮಕ್ಕಳನ್ನು ಜೊತೆಗೆ ಕರೆದೊಯ್ಯುವವರು ಇದನ್ನು ಗಮನಿಸಬೇಕು. ಸೀಸೆಗಳನ್ನು ಊರಿಗೆ ತರುವ ಇಚ್ಛೆಯುಳ್ಳವರು ಹೊರಡುವ ಮೊದಲೇ ತಮ್ಮ ತಾಲ್ಲೂಕಿನ ಅಬಕಾರಿ ಕಛೇರಿಯಲ್ಲಿ ವಿಚಾರಿಸಿಕೊಂಡು, ಕೊಂಡ ರಸೀತಿಯನ್ನು ಸೀಸೆಯ ಜೊತೆಯಲ್ಲಿಯೇ ಇಟ್ಟುಕೊಂಡಿರತಕ್ಕದ್ದು.